ಬಾಲ್ ಬಿಟ್ಟವನು

2023ರ ಆಗಸ್ಟ್ ತಿಂಗಳ ಒಂದು ಸಂಜೆ. ಈಸೂರಿನ ನಮ್ಮ ಮನೆಯ ಜಗಲಿಯ ಮೇಲೆ ಕೂತು ಮಳೆ ನಿಲ್ಲುವುದನ್ನೇ ಕಾಯುತ್ತಿದ್ದೆ. ಮೊಮ್ಮಗ ಒದ್ದೆ ಬಟ್ಟೆಯಲ್ಲೇ ಬಂದ. ಚಪ್ಪಲಿ ಗೂಡಿನ ಮೇಲಿದ್ದ ಅವನ ಆಟದ ಬೂಟುಗಳನ್ನು ಎತ್ತಿ ಹಿತ್ತಲಿನ ಗೊಬ್ಬರಗುಂಡಿ ಕಡೆಗೆ ಎಸೆದ. ಒಂದು ಗುಂಡಿಗೆ ಬಿತ್ತು, ಇನ್ನೊಂದು ಬಾಳೆಗಿಡಕ್ಕೆ ಸಿಕ್ಕಿಕೊಂಡಿತು.

"ಯಾಕೋ?" ಅಂದೆ.

"ನಾನಿನ್ನು ಆಡಲ್ಲ ಅಜ್ಜ" ಅಂದವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ವಿಷಯ ಆಮೇಲೆ ತಿಳಿಯಿತು. ತಾಲ್ಲೂಕು ಮಟ್ಟದ ಫುಟ್‌ಬಾಲ್ ಪಂದ್ಯ. ಇವನು ಒಂಬತ್ತನೇ ತರಗತಿ, ಗೋಲ್‌ಕೀಪರ್. ಎರಡೂ ತಂಡ ಒಂದೊಂದು ಗೋಲು ಹೊಡೆದಿದ್ದವು. ಕೊನೆಯ ನಿಮಿಷದಲ್ಲಿ ಎದುರು ತಂಡದ ಹುಡುಗ ದೂರದಿಂದ ಸುಮ್ಮನೆ ಒದ್ದ ಚೆಂಡು ಉರುಳಿಕೊಂಡು ಬಂತು. ಅಂಗಳದಲ್ಲಿ ಬೆಕ್ಕು ನಡೆದು ಬಂದಷ್ಟು ನಿಧಾನವಂತೆ. ಇವನು ಬಗ್ಗಿದ. ಮಳೆಗೆ ಒದ್ದೆಯಾದ ಚೆಂಡು ಕೈ ಜಾರಿ, ಕಾಲುಗಳ ನಡುವೆ ನುಸುಳಿ, ಗೆರೆ ದಾಟಿತು. ವಾಪಸ್ ಬರುವಾಗ ವ್ಯಾನಿನಲ್ಲಿ ಯಾರೂ ಇವನ ಪಕ್ಕ ಕೂರಲಿಲ್ಲ. ಒಬ್ಬ ಮಾತ್ರ, "ಬಾಲ್ ಬಿಟ್ಟೋನೇ, ಇಳಿಯೋ" ಅಂದನಂತೆ.

ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ಅದು ನನಗೆ ಹಳೆಯ ಪರಿಚಯದ ಮಾತು.

ನಾನು ಮೂವತ್ತೈದು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು. ನಮ್ಮ ಕಡೆ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಹೆಚ್ಚು. ಫುಟ್‌ಬಾಲ್ ಎಂದರೆ ಮಳೆಗಾಲದಲ್ಲಿ ಗದ್ದೆ ಬಯಲಿನಲ್ಲಿ ಆಡುವ ಕೆಸರಾಟ. ಆದರೂ ಶಾಲೆಗೊಂದು ತಂಡ ಕಟ್ಟುವ ಹುಚ್ಚು ನನಗೆ. 1993ರಲ್ಲಿ, ಆಗ ಬೇರೆ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ, ನನ್ನ ಹುಡುಗರು ಜಿಲ್ಲಾ ಮಟ್ಟದ ಪಂದ್ಯದವರೆಗೂ ಹೋದರು. ಅಲ್ಲಿ ರಕ್ಷಣೆಗೆ ನಿಂತಿದ್ದ ಒಬ್ಬ ಹುಡುಗ ಒದೆಯಲು ಹೋಗಿ ಚೆಂಡು ತಪ್ಪಿಸಿದ. ಎದುರಿನವರು ಗೋಲು ಹೊಡೆದರು. ಸೋತೆವು. ಪಂದ್ಯ ಮುಗಿದ ಮೇಲೆ ಎಲ್ಲ ಹುಡುಗರನ್ನೂ ಸಾಲಾಗಿ ನಿಲ್ಲಿಸಿ, ಅವನತ್ತ ಬೆರಳು ತೋರಿಸಿ ಹೇಳಿದೆ: "ಹತ್ತು ಜನ ಆಡಿದ್ದನ್ನು ನೀನೊಬ್ಬ ಹಾಳು ಮಾಡಿದೆ." ಅವನು ಅಳಲಿಲ್ಲ. ನೆಲ ನೋಡುತ್ತ ನಿಂತಿದ್ದ. ಮಾರನೆಯ ದಿನದಿಂದ ಮೈದಾನಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಅದನ್ನು ಮರೆತೂಬಿಟ್ಟೆ. ನಿವೃತ್ತನಾದ ಮೇಲೆ ಒಂದು ದಿನ ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, ತಲೆಗೂದಲು ಅರ್ಧ ನೆರೆತವರೊಬ್ಬರು ಬಂದು ಕಾಲಿಗೆ ನಮಸ್ಕಾರ ಮಾಡಿದರು. ನನಗೆ ಗುರುತು ಸಿಗಲಿಲ್ಲ. "ಗೊತ್ತಾಗಲಿಲ್ವಾ ಸಾರ್? ಅವತ್ತು ಬಾಲ್ ಬಿಟ್ಟನಲ್ಲ, ಅವನೇ ನಾನು" ಎಂದು ನಕ್ಕರು. ಹೆಂಡತಿ ಮಕ್ಕಳು ಜೊತೆಗಿದ್ದರು. ಒಳ್ಳೆಯ ಬದುಕು ಕಟ್ಟಿಕೊಂಡಿದ್ದರು. ಆದರೆ ಅಷ್ಟು ವರ್ಷಗಳ ಮೇಲೆ, ತನ್ನ ಹೆಸರಿಗಿಂತ ಮೊದಲು ಅವರ ಬಾಯಿಗೆ ಬಂದದ್ದು ಆ ಗುರುತು. ಅದನ್ನು ಹಣೆಗೆ ಬರೆದವನು ನಾನು. ಬಸ್ಸಿನಲ್ಲಿ ಊರಿಗೆ ಬರುವಷ್ಟು ಹೊತ್ತೂ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದೆ.

ಅದಕ್ಕೇ ಮೊಮ್ಮಗ ಬಾಗಿಲು ಹಾಕಿಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಗುಂಡಿಯಿಂದ ಬೂಟು ತೆಗೆದು, ತೊಳೆದು, ಬಚ್ಚಲ ಒಲೆಯ ಪಕ್ಕ ಒಣಗಲು ಇಟ್ಟೆ. ಅವನು ನೋಡಿದ, ಏನೂ ಅನ್ನಲಿಲ್ಲ. ಕಾಫಿ ಕುಡಿಯುವಾಗ ಕೇಳಿದೆ, "ಜಪಾನಿನ ಮೇಷ್ಟ್ರು ನೆನಪಿದ್ದಾರೇನೋ?"

ನೆನಪಿಲ್ಲದೆ ಏನು? ಹಿಂದಿನ ವರ್ಷ ವಿಶ್ವಕಪ್ ನಡೆದಾಗ ನಾವಿಬ್ಬರೂ ಟಿ.ವಿ. ಮುಂದೆ ಕೂತಿದ್ದೆವು. 2022ರ ನವೆಂಬರ್ 23, ಸಂಜೆ ಆರೂವರೆಗೆ ಪಂದ್ಯ. ಕತಾರ್ ದೇಶದ ದೋಹಾ ನಗರದಲ್ಲಿ ಜರ್ಮನಿ ಮತ್ತು ಜಪಾನ್. ಜರ್ಮನಿ ನಾಲ್ಕು ಸಲ ವಿಶ್ವಕಪ್ ಗೆದ್ದ ತಂಡ. ಮೂವತ್ತಮೂರನೇ ನಿಮಿಷದಲ್ಲಿ ಪೆನಾಲ್ಟಿಯಿಂದ ಗೋಲು ಹೊಡೆದು ಮುಂದೆ ಹೋಯಿತು. ಅರ್ಧ ಆಟದವರೆಗೂ ಚೆಂಡು ಹೆಚ್ಚಾಗಿ ಅವರ ಕಾಲಲ್ಲೇ ಇತ್ತು. "ಅಜ್ಜ, ಜಪಾನ್ ಕತೆ ಮುಗೀತು" ಅಂದಿದ್ದ ಮೊಮ್ಮಗ.

ಗೆರೆಯ ಹೊರಗೆ ಸೂಟು ತೊಟ್ಟ ಒಬ್ಬರು ನಿಂತು ಸಣ್ಣ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಅವರೇ ಜಪಾನ್ ತಂಡದ ಮ್ಯಾನೇಜರ್ ಹಜಿಮೆ ಮೊರಿಯಾಸು. ಫುಟ್‌ಬಾಲಿನಲ್ಲಿ ಮ್ಯಾನೇಜರ್ ಎಂದರೆ ಲೆಕ್ಕಪತ್ರ ನೋಡುವವರಲ್ಲ; ತಂಡದ ಮುಖ್ಯ ಗುರು. ಹನ್ನೊಂದು ಜನರನ್ನು ಆರಿಸುವುದು, ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳುವುದು, ಯಾರನ್ನು ಯಾವಾಗ ಕೂರಿಸಿ ಯಾರನ್ನು ಇಳಿಸಬೇಕು ಎಂದು ತೀರ್ಮಾನಿಸುವುದು ಎಲ್ಲ ಅವರ ಕೆಲಸ. ಆದರೆ ಒಂದು ಸಲವೂ ಚೆಂಡು ಮುಟ್ಟುವ ಹಾಗಿಲ್ಲ.

ಮಧ್ಯಂತರದಲ್ಲಿ ಅವರು ಒಬ್ಬ ಆಟಗಾರನನ್ನು ಕೂರಿಸಿ ರಕ್ಷಣೆಗೆ ಇನ್ನೊಬ್ಬನನ್ನು ತಂದರು. ಹಿಂದೆ ನಾಲ್ವರು ನಿಲ್ಲುತ್ತಿದ್ದ ಜಾಗದಲ್ಲಿ ಮೂವರು ನಡುವೆ ನಿಂತು, ಇಬ್ಬರು ಅಂಚಿನಲ್ಲಿ ಹಿಂದೆ ಮುಂದೆ ಓಡುವ ಹಾಗೆ ವ್ಯವಸ್ಥೆ ಬದಲಾಯಿಸಿದರು. ಹಿಂದಿನ ಭಯ ಕಡಿಮೆಯಾದ ಮೇಲೆ ಮುಂದೆ ದಾಳಿಗೆ ಹೊಸ ಕಾಲುಗಳನ್ನು ಒಬ್ಬೊಬ್ಬರನ್ನಾಗಿ ಇಳಿಸಿದರು. ಎಪ್ಪತ್ತೈದನೇ ನಿಮಿಷಕ್ಕೆ ಡೋಅನ್ ಗೋಲು ಹೊಡೆದ. ಎಂಬತ್ತಮೂರಕ್ಕೆ ಅಸಾನೊ ಇನ್ನೊಂದು. ಇಬ್ಬರೂ ಬೆಂಚಿನಿಂದ ಎದ್ದು ಬಂದವರೇ! ಜಪಾನ್ 2, ಜರ್ಮನಿ 1. ನಮ್ಮ ಮನೆಯ ಕೂಗು ಕೇಳಿ ಪಕ್ಕದ ಮನೆಯವರು ಹಾವು ಬಂತೇನೋ ಎಂದು ಬ್ಯಾಟರಿ ಹಿಡಿದು ಓಡಿ ಬಂದಿದ್ದರು.

ಆಟ ಮುಗಿದ ಮೇಲೆ ಜಪಾನಿನ ಪ್ರೇಕ್ಷಕರು ತಾವು ಕೂತ ಜಾಗದ ಕಸ ಹೆಕ್ಕಿದರು. ಆಟಗಾರರು ತಮ್ಮ ಕೋಣೆಯನ್ನು ಚೊಕ್ಕಟ ಮಾಡಿ, ಕಾಗದ ಮಡಿಸಿ ಮಾಡಿದ ಕೊಕ್ಕರೆಗಳನ್ನೂ ಜಪಾನಿ ಮತ್ತು ಅರಬ್ಬಿ ಭಾಷೆಯಲ್ಲಿ ಬರೆದ ಧನ್ಯವಾದದ ಚೀಟಿಯನ್ನೂ ಇಟ್ಟು ಹೋದರು. ಮಾರನೆಯ ದಿನ ಅದನ್ನು ಓದಿದ ನನ್ನ ಮಗಳು ಮೊಮ್ಮಗನ ಕೋಣೆ ತೋರಿಸಿ, "ನೋಡಿ ಕಲಿ" ಅಂದಿದ್ದಳು.

"ನೆನಪಿದ್ದಾರೆ" ಎಂದ ಮೊಮ್ಮಗ, ಮುಖ ಗಂಟು ಹಾಕಿಕೊಂಡೇ.

"ಆ ಮೇಷ್ಟ್ರು ಅದೇ ದೋಹಾದಲ್ಲಿ ಮೊದಲೊಂದು ಸಲ ಸೋತ ಕತೆ ಗೊತ್ತೇ?"

ಗೊತ್ತಿರಲಿಲ್ಲ. ನನಗೂ ಗೊತ್ತಾದದ್ದು ಆ ವಿಶ್ವಕಪ್ ಸಮಯದಲ್ಲಿ ಪತ್ರಿಕೆ ಓದಿಯೇ. ನಿಮಗೂ ಹೇಳುತ್ತೇನೆ ಕೇಳಿ.

ಮೊರಿಯಾಸು ಹುಟ್ಟಿದ್ದು 1968ರಲ್ಲಿ, ಬೆಳೆದದ್ದು ನಾಗಸಾಕಿಯಲ್ಲಿ. ಹೌದು, ಅಣುಬಾಂಬು ಬಿದ್ದ ಊರು. ಆಮೇಲೆ ಆಡಿದ್ದು ಹಿರೋಷಿಮಾದಲ್ಲಿ. ಅದೂ ಬಾಂಬು ಬಿದ್ದ ಊರೇ. ಅವರು ಗೋಲು ಹೊಡೆದು ಹೆಸರು ಮಾಡಿದ ಆಟಗಾರನಲ್ಲ. ಮೈದಾನದ ನಡುವೆ ನಿಂತು, ಎದುರಿನವರಿಂದ ಚೆಂಡು ಕಿತ್ತು ತಮ್ಮವರಿಗೆ ಕೊಡುವ ಕೆಲಸ. ಮದುವೆ ಮನೆಯಲ್ಲಿ ಬಡಿಸುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ, ಒಲೆಯ ಮುಂದೆ ಇರುವವರು ಕಾಣುವುದಿಲ್ಲ ನೋಡಿ, ಹಾಗೆ.

ಆ ಕಾಲಕ್ಕೆ ಜಪಾನ್ ಒಮ್ಮೆಯೂ ವಿಶ್ವಕಪ್ಪಿಗೆ ಹೋಗಿರಲಿಲ್ಲ. 1993ರಲ್ಲಿ ಅವರ ದೇಶದ ವೃತ್ತಿಪರ ಲೀಗ್ ಶುರುವಾಗಿ, ಊರೂರಲ್ಲಿ ಫುಟ್‌ಬಾಲ್ ಹುಚ್ಚು ಹತ್ತಿತ್ತು. ಅದೇ ವರ್ಷ ಅಕ್ಟೋಬರ್ 28ರಂದು ದೋಹಾದಲ್ಲಿ ಇರಾಕ್ ವಿರುದ್ಧ ಕೊನೆಯ ಅರ್ಹತಾ ಪಂದ್ಯ. ಗೆದ್ದರೆ ಅಮೆರಿಕದ ವಿಶ್ವಕಪ್ಪಿಗೆ ಟಿಕೆಟ್. ಜಪಾನ್ 2–1ರಿಂದ ಮುಂದಿತ್ತು. ತೊಂಬತ್ತು ನಿಮಿಷ ಮುಗಿದು, ಹೆಚ್ಚುವರಿ ಸಮಯದ ಕೆಲವೇ ಕ್ಷಣ ಉಳಿದಿತ್ತು. ಇರಾಕಿಗೆ ಕಾರ್ನರ್ ಸಿಕ್ಕಿತು. ಎಲ್ಲರೂ ಚೆಂಡು ನೇರ ಗೋಲಿನ ಮುಂದೆ ಬರುತ್ತದೆಂದು ಕಾದರೆ, ಅವರು ಪಕ್ಕದಲ್ಲೇ ನಿಂತವನಿಗೆ ಮೆಲ್ಲಗೆ ಕೊಟ್ಟರು. ಅವನು ಎತ್ತಿ ಕೊಟ್ಟ ಚೆಂಡು ಇನ್ನೊಬ್ಬನ ತಲೆಗೆ ತಗುಲಿ ಗೋಲಿನ ಒಳಗೆ ಹೋಯಿತು. 2–2. ಜಪಾನಿನ ಆಟಗಾರರು ಇದ್ದಲ್ಲೇ ಕುಸಿದು ಕೂತರು. ಅವರ ಬದಲು ದಕ್ಷಿಣ ಕೊರಿಯ ವಿಶ್ವಕಪ್ಪಿಗೆ ಹೋಯಿತು. ಆ ರಾತ್ರಿಗೆ ಜಪಾನಿನವರು 'ದೋಹಾದ ದುರಂತ' ಎಂದೇ ಹೆಸರಿಟ್ಟಿದ್ದಾರೆ.

ಇಪ್ಪತ್ತೈದು ವರ್ಷದ ಮೊರಿಯಾಸು ಆ ಪಂದ್ಯದಲ್ಲಿ ಆಡುತ್ತಿದ್ದರು. ಅವರಿಗೆ ಆಟಗಾರನಾಗಿ ವಿಶ್ವಕಪ್ ಕೊನೆಗೂ ಸಿಗಲಿಲ್ಲ. 1998ರಲ್ಲಿ ಜಪಾನ್ ಮೊದಲ ಸಲ ಹೋದಾಗ ಅವರು ತಂಡದಲ್ಲಿರಲಿಲ್ಲ.

"ಆಮೇಲೆ?" ಎಂದ ಮೊಮ್ಮಗ. ಕಾಫಿ ಲೋಟ ಕೆಳಗಿಟ್ಟಿದ್ದ.

"ಆಮೇಲೆ ಬೂಟು ಎಸೆಯಲಿಲ್ಲ" ಎಂದೆ. ಸ್ವಲ್ಪ ನಕ್ಕ.

ಆಟ ನಿಲ್ಲಿಸಿದ ಮೇಲೆ ಮೊರಿಯಾಸು ಕಲಿಸುವುದನ್ನು ಕಲಿತರು. 2012ರಲ್ಲಿ ತಾವು ಆಡಿದ್ದ ಹಿರೋಷಿಮಾ ತಂಡಕ್ಕೇ ಮ್ಯಾನೇಜರ್ ಆಗಿ ಬಂದರು. ಆ ತಂಡ ಅಲ್ಲಿಯವರೆಗೆ ಒಮ್ಮೆಯೂ ಲೀಗ್ ಗೆದ್ದಿರಲಿಲ್ಲ. ಇವರು ಬಂದ ವರ್ಷವೇ ಗೆದ್ದಿತು. 2013 ಮತ್ತು 2015ರಲ್ಲಿ ಮತ್ತೆ ಗೆದ್ದಿತು. 2018ರಲ್ಲಿ ದೇಶದ ತಂಡದ ಹೊಣೆ ಸಿಕ್ಕಿತು. ಜರ್ಮನಿಯನ್ನು ಸೋಲಿಸಿದ ನಾಲ್ಕೇ ದಿನಕ್ಕೆ ಕೋಸ್ಟರಿಕ ಎದುರು ಸೋತರು. ನಂತರ ಸ್ಪೇನ್ ತಂಡವನ್ನು ಅದೇ 2–1ರಿಂದ ಸೋಲಿಸಿದರು. ಮುಂದಿನ ಸುತ್ತಿನಲ್ಲಿ ಕ್ರೊಯೇಷಿಯ ಎದುರು ಪೆನಾಲ್ಟಿಯಲ್ಲಿ ಸೋತು ಮನೆಗೆ ಹೊರಟರು. ಆಗ ಅವರು ತಮ್ಮ ದೇಶದ ಪ್ರೇಕ್ಷಕರ ಮುಂದೆ ಹೋಗಿ, ಸೊಂಟ ಬಗ್ಗಿಸಿ, ಬಹಳ ಹೊತ್ತು ತಲೆ ತಗ್ಗಿಸಿ ನಿಂತರು. ಪೆನಾಲ್ಟಿ ತಪ್ಪಿಸಿದ ಮೂವರು ಹುಡುಗರ ಕಡೆ ಬೆರಳು ತೋರಿಸಲಿಲ್ಲ.

ಅದನ್ನು ಟಿ.ವಿ.ಯಲ್ಲಿ ನೋಡಿದಾಗ ನನ್ನ ಬೆರಳು ನನಗೆ ನೆನಪಾಗಿತ್ತು.

"ಜಪಾನಿನವರ ಕತೆ ಬಿಡು, ನಮ್ಮವರಲ್ಲಿ ಯಾರಿದ್ದಾರೆ?" ಎಂದ ಮೊಮ್ಮಗ. ಅವನ ವಯಸ್ಸಿನವರಿಗೆ ಬೆಂಗಳೂರು ಎಫ್‌ಸಿ ಗೊತ್ತು, ಅದು ಹುಟ್ಟಿದ್ದು 2013ರಲ್ಲಿ. ಅದಕ್ಕಿಂತ ಹಿಂದೆ ಕರ್ನಾಟಕದಲ್ಲಿ ಫುಟ್‌ಬಾಲೇ ಇರಲಿಲ್ಲ ಎಂದುಕೊಂಡಿದ್ದಾನೆ. ಮೈಸೂರು ರಾಜ್ಯದ ತಂಡ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು ಎಂದರೆ ನಂಬುವುದಿಲ್ಲ. ಕೊನೆಯದು ನಾನು ಪ್ರೈಮರಿ ಶಾಲೆಯಲ್ಲಿದ್ದಾಗ. ಆಮೇಲೆ ಐದನೆಯ ಸಲ ಗೆಲ್ಲಲು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯದ ರಿಯಾದ್‌ನಲ್ಲಿ ನಮ್ಮ ಹುಡುಗರು ಮೇಘಾಲಯವನ್ನು 3–2ರಿಂದ ಸೋಲಿಸಿದರು.

ನಾನು ಅವನಿಗೆ ಕಾರ್ಲ್‌ಟನ್ ಚಾಪ್ಮನ್ ಕತೆ ಹೇಳಿದೆ.

ಚಾಪ್ಮನ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1971ರ ಏಪ್ರಿಲ್ 13ರಂದು. ಅವರೂ ಮೊರಿಯಾಸು ಹಾಗೆಯೇ ಮೈದಾನದ ನಡುವೆ ಆಡುವವರು. ಹದಿಹರೆಯ ಮುಗಿಯುವ ಹೊತ್ತಿಗೆ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಹೋಗಿ ಕಲಿತರು. 1993ರಲ್ಲಿ ಕಲ್ಕತ್ತದ ಈಸ್ಟ್ ಬೆಂಗಾಲ್ ತಂಡ ಸೇರಿದರು. ಆ ವರ್ಷವೇ ಏಷ್ಯಾದ ಕ್ಲಬ್ಬುಗಳ ಒಂದು ಪಂದ್ಯಾವಳಿಯಲ್ಲಿ ಇರಾಕಿನ ಅಲ್ ಜವ್ರಾ ತಂಡ ಎದುರಾಯಿತು. ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ನಮ್ಮ ಬೆಂಗಳೂರು ಹುಡುಗನದು!

ಯೋಚಿಸಿ ನೋಡಿ ಮಕ್ಕಳೇ. ಒಂದೇ ವರ್ಷ, ಒಂದೇ ದೇಶದ ಎದುರಾಳಿ. ಒಬ್ಬರಿಗೆ ಕಲ್ಕತ್ತದಲ್ಲಿ ಬದುಕಿನ ದೊಡ್ಡ ಗೆಲುವು, ಇನ್ನೊಬ್ಬರಿಗೆ ದೋಹಾದಲ್ಲಿ ಬದುಕಿನ ದೊಡ್ಡ ಸೋಲು. ಆದರೆ ಮುಂದೆ ಇಬ್ಬರೂ ಹಿಡಿದದ್ದು ಒಂದೇ ದಾರಿ.

ಚಾಪ್ಮನ್ ಆಮೇಲೆ ಪಂಜಾಬಿನ ಜೆಸಿಟಿ ತಂಡಕ್ಕೆ ಹೋದರು. 1996–97ರಲ್ಲಿ ದೇಶದ ಮೊದಲ ರಾಷ್ಟ್ರೀಯ ಲೀಗ್ ನಡೆದಾಗ ಗೆದ್ದದ್ದು ಅದೇ ತಂಡ, ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆಗಾರರು. ಭಾರತ ತಂಡದ ನಾಯಕರಾದರು. ಮತ್ತೆ ಈಸ್ಟ್ ಬೆಂಗಾಲಿಗೆ ಬಂದು, ನಾಯಕನಾಗಿ 2000–01ರ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟು ಬೂಟು ಬಿಚ್ಚಿದರು. ಅಲ್ಲಿಂದ ನೇರ ಹೋದದ್ದು ಎಲ್ಲಿಗೆ ಗೊತ್ತೇ? ತಾವು ಕಲಿತ ಅದೇ ಟಾಟಾ ಅಕಾಡೆಮಿಗೆ, ಮಕ್ಕಳಿಗೆ ಕಲಿಸಲು. ಆಮೇಲೆ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೊ, ಕೋಲ್ಕತ್ತದ ಭವಾನಿಪುರ, ಕೊನೆಗೆ ಕೇರಳದ ಕೋಯಿಕ್ಕೋಡಿನ ಒಂದು ತಂಡ. ದೇಶದ ನಾಯಕನಾಗಿದ್ದವರು ದೊಡ್ಡ ಕುರ್ಚಿ ಹುಡುಕಿಕೊಂಡು ಹೋಗದೆ, ಎಲ್ಲಿ ಹುಡುಗರಿದ್ದರೋ ಅಲ್ಲಿಗೆ ಹೋದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗಿನ್ನೂ ಐವತ್ತು ತುಂಬಿರಲಿಲ್ಲ. ಕೊರೊನಾ ಕಾಲ, ಪತ್ರಿಕೆಯಲ್ಲಿ ಆ ಸುದ್ದಿ ಓದಿ ಸುಮ್ಮನೆ ಕೂತುಬಿಟ್ಟಿದ್ದೆ.

ಮೊಮ್ಮಗ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅವರೆಲ್ಲ ದೊಡ್ಡೋರು ಅಜ್ಜ. ನನ್ನನ್ನ ಎಲ್ಲರೂ ಬಾಲ್ ಬಿಟ್ಟೋನು ಅಂತಾರೆ" ಎಂದ.

ಆಗ ಹೇಳಲೇಬೇಕಾಯಿತು. ಬಸ್ ನಿಲ್ದಾಣದ ಕತೆ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತ ಕೇಳಿದ. "ನೀನು ಹಾಗಂದೆಯಾ ಅಜ್ಜ?" ಎಂದ. ಹೌದು ಎಂದೆ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಮೊಮ್ಮಗನ ಮುಂದೆ ತಲೆ ತಗ್ಗಿಸುವುದು ಸುಲಭವಲ್ಲ. ಆದರೆ ಮೊರಿಯಾಸು ಇಡೀ ಜಗತ್ತಿನ ಮುಂದೆ ಬಗ್ಗಿದ್ದರಲ್ಲ.

"ಬಾ" ಎಂದು ಅವನನ್ನು ಕರೆದುಕೊಂಡು ನಮ್ಮೂರಿನ ಹುತಾತ್ಮರ ಸ್ಮಾರಕದವರೆಗೆ ನಡೆದೆ. ಈಸೂರಿನ ಮಕ್ಕಳಿಗೆ ಆ ಕತೆ ಯಾರೂ ಹೊಸದಾಗಿ ಹೇಳಬೇಕಿಲ್ಲ. 1942ರಲ್ಲಿ, 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂದು ನಮ್ಮ ಹಿರಿಯರು ಊರನ್ನೇ ಸ್ವತಂತ್ರ ಎಂದು ಸಾರಿದರು. ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಹಾರಿಸಿದರು. ತಮ್ಮದೇ ಸರ್ಕಾರ ಮಾಡಿ, ಜಯಣ್ಣ ಎಂಬ ಹುಡುಗನನ್ನು ಅಮಲ್ದಾರ, ಮಲ್ಲಪ್ಪ ಎಂಬ ಹುಡುಗನನ್ನು ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದರು. ಚಿಕ್ಕವರಾದರೆ ಸರ್ಕಾರ ಜೈಲಿಗೆ ಹಾಕಲಾರದು ಎಂಬುದು ಹಿರಿಯರ ಎಣಿಕೆ. ಆಮೇಲೆ ನಡೆದ ಘರ್ಷಣೆ, ಪೊಲೀಸರು ಬಂದದ್ದು, ಊರ ಜನ ಕಾಡು ಸೇರಿದ್ದು ಎಲ್ಲವನ್ನೂ ನನ್ನ ಅಜ್ಜಿ ಒಲೆಯ ಮುಂದೆ ಕೂತು ಹೇಳುತ್ತಿದ್ದಳು. 1943ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜೈಲಿನಲ್ಲಿ ಐವರನ್ನು ಗಲ್ಲಿಗೇರಿಸಿದರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಈ ಮಲ್ಲಪ್ಪ ಬೇರೆ, ಆ ಹುಡುಗ ಬೇರೆ.

ಆಟವನ್ನು ಬಲಿದಾನಕ್ಕೆ ಹೋಲಿಸಬಾರದು, ಅದು ನನಗೆ ಗೊತ್ತು. ಆದರೆ ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ಒಂದು ಮಾತು ಹೊಳೆಯುತ್ತದೆ. ಅಧಿಕಾರದ ಪಟ್ಟ ಕಟ್ಟುವಾಗ ಹಿರಿಯರು ಹುಡುಗರನ್ನು ಮುಂದೆ ನಿಲ್ಲಿಸಿದರು. ಶಿಕ್ಷೆ ಬಂದಾಗ ತಾವು ಮುಂದೆ ನಿಂತರು. ಗೆಲುವು ಮಕ್ಕಳದು, ಸೋಲು ಮೇಷ್ಟ್ರದು. ಇದೇ ಊರಿನಲ್ಲಿ ಹುಟ್ಟಿ ಬೆಳೆದ ನಾನು ಆ ಪಾಠವನ್ನು 1993ರಲ್ಲಿ ತಿರುವು ಮುರುವು ಮಾಡಿದ್ದೆ.

"ಚೆಂಡು ಬಿಟ್ಟೆ ಅನ್ನೋದು ನಿಜ ಕಣೋ" ಎಂದೆ ಮೊಮ್ಮಗನಿಗೆ. "ಆದರೆ ಅದು ಅವತ್ತು ನೀನು ಮಾಡಿದ ಒಂದು ಕೆಲಸ. ಅದು ನಿನ್ನ ಹೆಸರಲ್ಲ."

ಅವನು ಉತ್ತರ ಕೊಡಲಿಲ್ಲ. ವಾಪಸ್ ಬರುವಾಗ ದಾರಿಯಲ್ಲಿ, "ನೆಲದ ಮೇಲೆ ಬರೋ ಬಾಲ್‌ನ ಹೇಗೆ ಹಿಡೀಬೇಕು ಅಜ್ಜ?" ಎಂದು ಕೇಳಿದ. ಸಂಜೆ ಅಂಗಳದಲ್ಲಿ ತೋರಿಸಿದೆ. ಕೈ ಮಾತ್ರ ಮುಂದೆ ಚಾಚಬಾರದು. ಒಂದು ಮಂಡಿ ನೆಲಕ್ಕೆ ಊರಿ, ಕಾಲುಗಳ ನಡುವೆ ಜಾಗ ಬಿಡದೆ, ಇಡೀ ಮೈಯನ್ನು ಚೆಂಡಿನ ಹಿಂದೆ ತರಬೇಕು. ಕೈ ಜಾರಿದರೂ ಮೈಗೆ ತಗುಲಿ ನಿಲ್ಲುತ್ತದೆ. ನನ್ನ ಮಂಡಿ ನೆಲಕ್ಕೆ ಊರಿತು, ಮತ್ತೆ ಏಳಲಿಲ್ಲ. ಅವನೇ ಎತ್ತಿದ.

ಬೂಟು ಒಣಗಲು ಮೂರು ದಿನ ಬೇಕಾಯಿತು. ನಾಲ್ಕನೆಯ ದಿನ ಹಾಕಿಕೊಂಡು ಹೋದ. ವ್ಯಾನಿನಲ್ಲಿ ಅಂದ ಹುಡುಗ ಅಂದೂ ಅದೇ ಹೆಸರು ಕರೆದನಂತೆ. ಇವನು, "ಹೂಂ, ಬಿಟ್ಟಿದ್ದೆ. ಈಗ ಹೊಡಿ ನೋಡೋಣ" ಅಂದನಂತೆ. ಆ ದಿನ ಎಷ್ಟು ಹಿಡಿದ, ಎಷ್ಟು ಬಿಟ್ಟ ಎಂದು ನಾನು ಕೇಳಲಿಲ್ಲ. ಬೂಟಿಗೆ ಕೆಸರಾಗಿತ್ತು, ಅಷ್ಟು ಸಾಕಾಯಿತು.

ನನ್ನದೊಂದು ಕೆಲಸ ಬಾಕಿ ಇತ್ತು. ಹಳೆಯ ಶಿಷ್ಯರನ್ನು ಕೇಳಿ ಕೇಳಿ, ಬಸ್ ನಿಲ್ದಾಣದಲ್ಲಿ ಸಿಕ್ಕವರ ಫೋನ್ ನಂಬರ್ ಹುಡುಕಿದೆ. ಮಾಡಿದಾಗ, "ಯಾರು?" ಅಂದರು.

"ಅವತ್ತು ನಿನಗೆ ಎಲ್ಲರ ಮುಂದೆ ಬೈದ ಮೇಷ್ಟ್ರು" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅವರು, "ಊಟ ಆಯ್ತಾ ಸಾರ್?" ಎಂದು ಕೇಳಿದರು. ಇಬ್ಬರೂ ತುಂಬ ಹೊತ್ತು ಮಾತಾಡಿದೆವು.